ವಾಲ್ವ್ ಆಪರೇಷನ್ ಆದ ಬೆನ್ನಿಗೆ ಕಟಪಾಡಿಯ ಸೀಟಂಗಡಿಯ ಇಳಿಜಾರು ದಿಂಬು

ಕಟಪಾಡಿಯಲ್ಲಿ ರಿಕ್ಷಾ, ಸ್ಕೂಲ್ ವ್ಯಾನ್‌ಗಳ ಸೀಟು ಹೊಲಿಯುವ ಒಂದು ಅಂಗಡಿ ಇದೆ. ಬೋರ್ಡ್ ಇಲ್ಲ. ಶಿರ್ವ ರಸ್ತೆಗೆ ತಿರುಗಿದ ಮೇಲೆ ಯಾರನ್ನು ಕೇಳಿದರೂ "ರೆಕ್ಸಿನ್ ಅಂಗಡಿಯಾ?" ಎಂದು ಕೈ ತೋರಿಸುತ್ತಾರೆ. ಹಾರ್ಟಿನ ಆಪರೇಷನ್ ಆದ ಮೇಲೆ ಉಳಿದುಕೊಂಡ ನನ್ನ ಕುತ್ತಿಗೆ ನೋವು, ಬೆನ್ನು ನೋವಿಗೆಂದು ದುಡ್ಡು ಕೊಟ್ಟು ತಂದ ವಸ್ತುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಇಳಿಜಾರು ದಿಂಬು. ಇದೇ ನೋವಿನಲ್ಲಿ ರಾತ್ರಿ ಕಳೆಯುತ್ತಿರುವವರು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ, ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನನಗೆ ಕಳೆದ ವರ್ಷ ಮಂಗಳೂರಿನಲ್ಲಿ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ, ಬದಲಿಸಿದರು. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೇ ಗಂಟುಗಳೆಲ್ಲ ಊದಿ ಜ್ವರ ಬಂದಿತ್ತಂತೆ. ಡಾಕ್ಟರರು ಅದನ್ನು ರುಮ್ಯಾಟಿಕ್ ಫೀವರ್ ಅನ್ನುತ್ತಾರೆ. ಅದು ವಾಲ್ವಿಗೆ ಮಾಡಿದ ಹಾನಿ ನನ್ನ ಐವತ್ತು ದಾಟಿದ ಮೇಲೆ ಏದುಸಿರಾಗಿ ಕಾಣಿಸಿಕೊಂಡಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಎದೆಯ ಗಾಯ ಒಣಗಿತು, ಏದುಸಿರು ಹೋಯಿತು. ಬಾರದು ಅಂದುಕೊಂಡಿದ್ದ ಜಾಗದಲ್ಲಿ ನೋವು ಕೂತಿತು. ಎರಡು ಹೆಗಲ ಹಲಗೆಗಳ ನಡುವೆ, ಎಡಗಡೆ ಸ್ವಲ್ಪ ಹೆಚ್ಚು, ಅಲ್ಲಿಂದ ಕುತ್ತಿಗೆ ಹತ್ತಿ ತಲೆಯ ಹಿಂಭಾಗದವರೆಗೆ. ಮಲಗಿದರೆ ಜಾಸ್ತಿ. ಬೆಳಿಗ್ಗೆ ಏಳುವಾಗ ಕುತ್ತಿಗೆ ತಿರುಗಿಸಲಿಕ್ಕೇ ಆಗುತ್ತಿರಲಿಲ್ಲ.

ಎದೆ ಕೊಯ್ದರೆ ಬೆನ್ನು ಯಾಕೆ ನೋಯಬೇಕು? ಇದನ್ನು ಬಿಡಿಸಿ ಹೇಳಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ. ಆಪರೇಷನ್‌ನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕಬ್ಬಿಣದ ಸಲಕರಣೆ ಇಟ್ಟು ಎರಡೂ ಬದಿಗೆ ಅಗಲಿಸಿ ಗಂಟೆಗಟ್ಟಲೆ ಹಾಗೇ ಹಿಡಿದಿರುತ್ತಾರೆ. ಪಕ್ಕೆಲುಬುಗಳು ಮುಂದೆ ಎದೆಮೂಳೆಗೆ, ಹಿಂದೆ ಬೆನ್ನುಮೂಳೆಗೆ ಸೇರಿಕೊಂಡಿವೆ. ಕಿಟಕಿಯ ಬಾಗಿಲನ್ನು ಪೂರ್ತಿ ಅಗಲಿಸಿದರೆ ಎಳೆತ ಬೀಳುವುದು ಬಿಜಾಗರಿಗೆ, ಹಾಗೆಯೇ ಇಲ್ಲಿ ಬೆನ್ನಿನ ಕೀಲುಗಳಿಗೆ. ಜೊತೆಗೆ ಆಪರೇಷನ್ ಮೇಜಿನ ಮೇಲೆ ಅಷ್ಟು ಹೊತ್ತು ಅಲುಗಾಡದೆ ಒಂದೇ ಭಂಗಿ. ಮನೆಗೆ ಬಂದ ಮೇಲೆ ಗಾಯ ಕಾಪಾಡಲಿಕ್ಕೆಂದು ನಾವೇ ಭುಜ ಮುಂದಕ್ಕೆ ತಂದು, ಬೆನ್ನು ಗೂನು ಮಾಡಿ, ಗಲ್ಲ ಚಾಚಿ ಕೂರುತ್ತೇವೆ. ಎದೆಯ ಸ್ನಾಯು ಬಿಗಿಯುತ್ತದೆ, ಬೆನ್ನಿನ ಸ್ನಾಯು ದಿನವಿಡೀ ಎಳೆದುಕೊಂಡೇ ಇರುತ್ತದೆ. "ಅಮ್ಮಾ, ನೀವು ಎದೆಯನ್ನು ಕಾಯ್ತಾ ಇದ್ದೀರಿ, ಅದರ ಬಾಡಿಗೆ ಬೆನ್ನು ಕಟ್ತಾ ಇದೆ" ಅಂದಳು. ನೋವಿನ ಕಾರಣ ಗೊತ್ತಾದದ್ದೇ ನನಗೆ ಅರ್ಧ ಔಷಧಿ. ಆವರೆಗೆ ಪ್ರತಿ ರಾತ್ರಿ ವಾಲ್ವಿಗೇ ಏನೋ ಆಗಿದೆ ಎಂದು ಹೆದರಿ ಎದ್ದು ಕೂರುತ್ತಿದ್ದೆ.

ಇನ್ನು ದಿಂಬಿನ ವಿಷಯ. ಮೊದಲ ವಾರಗಳಲ್ಲಿ ಚಪ್ಪಟೆ ಮಲಗಲಿಕ್ಕೆ ಆಗುವುದಿಲ್ಲ, ಪಕ್ಕಕ್ಕೆ ಮಗ್ಗುಲಾದರೆ ಎದೆ ಎಳೆಯುತ್ತದೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ, ಮೂರು ನಾಲ್ಕು ದಿಂಬು ಪೇರಿಸಿ ಒರಗುವುದು. ನಡುರಾತ್ರಿಗೆ ದಿಂಬುಗಳು ಜಾರಿ ಒಂದೊಂದು ದಿಕ್ಕಿಗೆ ಹೋಗಿ, ಬೆನ್ನಿನ ಕೆಳಗೆ ಹಳ್ಳ, ತಲೆಯ ಕೆಳಗೆ ಗುಡ್ಡ. ಕುತ್ತಿಗೆ ಬೆಳಗಿನವರೆಗೂ ಮುಂದಕ್ಕೆ ಮಡಚಿಕೊಂಡೇ ಇರುತ್ತದೆ. ಮಗ ಆನ್‌ಲೈನಿನಲ್ಲಿ ಒಂದು ವೆಡ್ಜ್ ದಿಂಬು ತರಿಸಿದ. ಚೆಂದದ ಕವರ್, ಮೆತ್ತಗಿನ ಫೋಮ್. ಉದ್ದ ಮಾತ್ರ 24 ಇಂಚು. ನನ್ನ ಸೊಂಟ ಹಾಸಿಗೆಯ ಮೇಲೆ, ಇಳಿಜಾರು ಶುರುವಾಗುವುದು ನಡುಬೆನ್ನಿನಲ್ಲಿ, ಅಂದರೆ ನೋವಿದ್ದ ಜಾಗದ ಸ್ವಲ್ಪ ಕೆಳಗೇ ಮಡಿಕೆ. ಸ್ವಲ್ಪ ದಿನದಲ್ಲೇ ನಡುವೆ ಕುಳಿ ಬಿದ್ದು ತೊಟ್ಟಿಲಾಯಿತು. ಅಂಥದ್ದು ಬೇಡ.

ರೆಕ್ಸಿನ್ ಅಂಗಡಿಯ ಯೋಚನೆ ನಮ್ಮ ಮನೆಯವರದ್ದು. ರಿಕ್ಷಾದ ಸೀಟು ದಿನಕ್ಕೆ ಎಷ್ಟೋ ಮಂದಿಯ ಭಾರ ತಡೆಯುತ್ತದೆ, ಅದೇ ಫೋಮಿನಲ್ಲಿ ಮಾಡಿಸಿದರಾಯಿತಲ್ಲ ಅಂದರು. ಅಂಗಡಿಯವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಟೇಪ್ ಹಿಡಿದರು. ಕೂತ ಜಾಗದಿಂದ ಭುಜಕ್ಕೆ ಎಷ್ಟು, ಭುಜದಿಂದ ನೆತ್ತಿಗೆ ಎಷ್ಟು, ಎಲ್ಲ ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಂಡರು. "ಇಳಿಜಾರು ಸೊಂಟದಿಂದಲೇ ಹೊರಡ್ಬೇಕು ಅಕ್ಕ, ಇಲ್ಲದಿದ್ರೆ ಬೆನ್ನು ಮುರೀತದೆ" ಎಂದು ನಾನು ಬಾಯಿ ಬಿಡುವ ಮೊದಲೇ ಹೇಳಿದರು. ಸೀಟು ಮಾಡುವವರಿಗೆ ಬೆನ್ನು ಎಲ್ಲಿ ಆತುಕೊಳ್ಳುತ್ತದೆ ಅನ್ನುವುದು ಕೈಯಲ್ಲೇ ಗೊತ್ತಿರುತ್ತದೆ.

ಕೊನೆಗೆ ಆದದ್ದು ಹೀಗೆ. ತಳ 30 ಇಂಚು ಉದ್ದ, ಅಗಲ 26, ತಲೆಯ ಕಡೆ ಎತ್ತರ 14. ಫೋಮ್ 40 ಡೆನ್ಸಿಟಿಯದ್ದು, ಅಂದರೆ ಒಂದು ಘನ ಮೀಟರಿಗೆ 40 ಕೆ.ಜಿ. ತೂಗುವಂಥದ್ದು. ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಕುಸಿಯುವುದಿಲ್ಲ. ಮೇಲೆ ಒಂದು ಇಂಚಿನ ಮೆತ್ತನೆ ಹಾಳೆ. ಉದ್ದನೆಯ ಚೂರಿಯನ್ನು ನೀರಿಗೆ ಅದ್ದಿ ಅದ್ದಿ ಅವರು ಫೋಮ್ ಸೀಳಿದ್ದನ್ನು ನಿಂತು ನೋಡಿದೆ. ಗೆರೆ ಎಲ್ಲೂ ಸೊಟ್ಟ ಹೋಗಲಿಲ್ಲ. ನನಗೆ ತುಂಬ ಇಷ್ಟವಾದದ್ದು, ಅವರು ಅದನ್ನು ಒಂದೇ ಗಡ್ಡೆಯಾಗಿ ಮಾಡದೆ ಎರಡು ಇಳಿಜಾರುಗಳನ್ನು ಒಂದರ ಮೇಲೊಂದು ಇಟ್ಟು ವೆಲ್ಕ್ರೋ ಪಟ್ಟಿಯಿಂದ ಕೂಡಿಸಿದ್ದು. ಮೇಲಿನದ್ದು ತೆಗೆದರೆ ಎತ್ತರ 8 ಇಂಚಿಗೆ ಇಳಿಯುತ್ತದೆ. ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ, ಗಟ್ಟಿಯಾಗಲು ಮೂರು ತಿಂಗಳು ಬೇಕು. ಅಷ್ಟರಲ್ಲಿ ನಿಧಾನಕ್ಕೆ ಚಪ್ಪಟೆ ಮಲಗುವ ಅಭ್ಯಾಸಕ್ಕೆ ಮರಳಬೇಕು. ವರ್ಷಗಟ್ಟಲೆ ಎತ್ತರದಲ್ಲೇ ಮಲಗಿದರೆ ಸೊಂಟ ಮಡಚಿದ ಹಾಗೇ ಇದ್ದು ಕೆಳಬೆನ್ನಿಗೆ ಹೊಸ ನೋವು ಬರುತ್ತದೆ. ನಾನೀಗ ಕೆಳಗಿನ ತುಂಡು ಮಾತ್ರ ಬಳಸುತ್ತಿದ್ದೇನೆ, ಅದೂ ಎಲ್ಲ ರಾತ್ರಿ ಅಲ್ಲ.

ತಲೆಗೆ ಬೇರೆ ದಿಂಬು ಇಡಬಾರದು, ಇಟ್ಟರೆ ಗಲ್ಲ ಎದೆಗೆ ತಾಗುತ್ತದೆ. ಬದಲಿಗೆ ಕುತ್ತಿಗೆಯ ಕುಳಿಗೆ ಮಾತ್ರ ಒಂದು ಸಣ್ಣ ಸುರುಳಿ. ಮನೆಯಲ್ಲಿದ್ದ ಬೂರುಗದ ಹತ್ತಿ ಕೊಟ್ಟೆ, ಅದನ್ನೇ ತುಂಬಿ ಹೊಲಿದುಕೊಟ್ಟರು. ಇಡೀ ವ್ಯವಸ್ಥೆಯಲ್ಲಿ ಕುತ್ತಿಗೆಗೆ ಹೆಚ್ಚು ಸುಖ ಕೊಟ್ಟದ್ದು ಈ ಸುರುಳಿಯೇ ಇರಬೇಕು. ಕೆಮ್ಮುವಾಗ ಎದೆಗೆ ಅವುಚಿಕೊಳ್ಳಲು ಒಂದು ಪುಟ್ಟ ಚೌಕ ದಿಂಬನ್ನು ಉಳಿದ ಫೋಮಿನಲ್ಲಿ ಮಾಡಿಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎಲ್ಲ ಸೇರಿ ₹2,100 ಆಯಿತು. ಕಾರಿನಲ್ಲಿ ಬೆಲ್ಟ್ ಮತ್ತು ಎದೆಯ ನಡುವೆ ಇಟ್ಟುಕೊಳ್ಳಲೂ ಆ ಚೌಕದ್ದೇ ಆಯಿತು. ಶಂಕರಪುರದಿಂದ ಮಂಗಳೂರಿಗೆ ಚೆಕಪ್‌ಗೆ ಹೋಗುವಾಗ ರಸ್ತೆಯ ಒಂದೊಂದು ಗುಂಡಿಯೂ ಎದೆಗೆ ಗೊತ್ತಾಗುತ್ತಿದ್ದ ಕಾಲ ಅದು.

ಕೊರತೆಗಳೂ ಇವೆ. ಫೋಮ್ ಅಂಟಿಸುವ ಗಮ್ಮಿನ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಶ್ವಾಸದ ತೊಂದರೆ ಇರುವವರ ಕೋಣೆಗೆ ತರುವ ಮೊದಲು ಜಗಲಿಯಲ್ಲಿಟ್ಟು ಗಾಳಿಗೆ ಬಿಡಿ. ಅವರು ಮೊದಲು ಸುತ್ತ ರೆಕ್ಸಿನ್ ಹಾಕಿ ಕೊಟ್ಟಿದ್ದರು. ನಮ್ಮ ಸೆಕೆಗೆ ರೆಕ್ಸಿನ್ ಮೇಲೆ ಮಲಗಿದರೆ ಬೆನ್ನೆಲ್ಲ ಬೆವರು, ಗಾಯದ ಗೆರೆಯಲ್ಲಿ ತುರಿಕೆ. ಈಗ ತಳಕ್ಕೆ ಮಾತ್ರ ರೆಕ್ಸಿನ್, ಅದು ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ಮೇಲೆ ಹಳೆ ಬಿಳಿ ಮುಂಡಿನ ಬಟ್ಟೆಗೆ ಜಿಪ್ ಹಾಕಿದ ಕವರ್. ಮಳೆಗಾಲದಲ್ಲಿ ಫೋಮಿಗೆ ಮುಗ್ಗಲು ವಾಸನೆ ಬರುತ್ತದೆ, ಒಗೆಯುವ ಹಾಗಿಲ್ಲ. ಹಗಲು ಗೋಡೆಗೆ ನಿಲ್ಲಿಸಿ ಫ್ಯಾನ್ ಗಾಳಿ ಕೊಡಬೇಕು. ಇನ್ನೊಂದು, ನಿದ್ದೆಯಲ್ಲಿ ಮೈ ಕೆಳಕ್ಕೆ ಜಾರುತ್ತದೆ. ಮೊಣಕಾಲಿನ ಕೆಳಗೆ ಬೆಡ್‌ಶೀಟ್ ಸುತ್ತಿ ಇಟ್ಟರೆ ನಿಲ್ಲುತ್ತದೆ.

ದಿಂಬು ರಾತ್ರಿಯನ್ನು ನೋಡಿಕೊಂಡಿತು. ಹಗಲಿನ ನೋವಿಗೆ ದಾರಿ ತೋರಿಸಿದ್ದು ಫಿಸಿಯೋ ಹುಡುಗಿ. ನಮ್ಮ ಮನೆಯಲ್ಲಿ ಮಲ್ಲಿಗೆ ಗಿಡಗಳಿವೆ. ಶಂಕರಪುರದ ಮಲ್ಲಿಗೆ ಕಟ್ಟುವವರಿಗೆ ಕುತ್ತಿಗೆ ಅಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ನೆಲದ ಮೇಲೆ ಕೂತು ತಲೆ ಬಗ್ಗಿಸಿದರೆ ಬಾಳೆ ನಾರು ಮುಗಿಯುವವರೆಗೆ ತಲೆ ಎತ್ತುವುದಿಲ್ಲ. ಅವಳು ಹೂ ಕಟ್ಟುವುದನ್ನು ಬಿಡಿಸಲಿಲ್ಲ, ಜಾಗ ಬದಲಿಸಿದಳು. ನೆಲದಿಂದ ಮೇಜಿಗೆ, ಮೊಗ್ಗಿನ ತಟ್ಟೆ ಮೊಣಕೈಯ ಎತ್ತರಕ್ಕೆ, ಬೆನ್ನಿಗೆ ಒರಗುವ ಕುರ್ಚಿ. ಒಂದು ಚೆಂಡು ಆದ ಕೂಡಲೇ ಎದ್ದು ಅಂಗಳಕ್ಕೆ ಹೋಗಿ ಬರಬೇಕು. ಭುಜ ಮೇಲೆತ್ತಿ ಇಳಿಸುವುದು, ಹೆಗಲ ಹಲಗೆಗಳನ್ನು ಮೆಲ್ಲ ಹಿಂದಕ್ಕೆ ಕೂಡಿಸುವುದು, ಗಲ್ಲವನ್ನು ಒಳಕ್ಕೆ ಎಳೆದುಕೊಳ್ಳುವುದು, ಇಷ್ಟೇ ವ್ಯಾಯಾಮ. ಮೊದಲ ತಿಂಗಳುಗಳಲ್ಲಿ ಮೊಣಕೈ ಮೈಗೆ ಅಂಟಿಕೊಂಡೇ ಇರಬೇಕು, ಭಾರ ಎತ್ತುವ ಹಾಗಿಲ್ಲ, ಕೈ ಊರಿ ಕುರ್ಚಿಯಿಂದ ಏಳುವ ಹಾಗಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆತ್ತುವುದನ್ನು ಹೇಳಿಕೊಟ್ಟದ್ದು ಸರ್ಜನ್ ಎದೆಮೂಳೆ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ. ಹೀಗೆ ಸರ್ಜನ್ನರ ಕಾಗದ ಓದಿ ನಂತರ ಮೈ ಮುಟ್ಟುವವರನ್ನೇ ಹುಡುಕಿ. ಅದೊಂದರಲ್ಲಿ ರಾಜಿ ಬೇಡ.

ನಾದಿನಿ ಪ್ರೀತಿಯಿಂದ ಕುತ್ತಿಗೆ ಪಟ್ಟಿ ತಂದುಕೊಟ್ಟಿದ್ದಳು. ಫಿಸಿಯೋ ಅದನ್ನು ಪೆಟ್ಟಿಗೆಯಲ್ಲೇ ಇರಲಿ ಅಂದಳು, ಕಟ್ಟಿಕೊಂಡರೆ ಕುತ್ತಿಗೆಯ ಸ್ನಾಯು ಇನ್ನೂ ಸೋಮಾರಿಯಾಗುತ್ತದಂತೆ. ಬಿಸಿನೀರಿನ ಚೀಲ ಬೆನ್ನಿಗೆ ಒಳ್ಳೆಯದೇ, ಬಟ್ಟೆ ಸುತ್ತಿ ಇಡಬೇಕು. ಎದೆಯ ಮೇಲೆ ಮಾತ್ರ ಬೇಡ. ಗಾಯದ ಸುತ್ತ ಚರ್ಮ ಜೋಮು ಹಿಡಿದಿರುವುದರಿಂದ ಸುಟ್ಟರೂ ಗೊತ್ತಾಗುವುದಿಲ್ಲ.

ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಿ, ಉಳುಕು ತೆಗೆಸಿ ಎಂದು ಹೇಳಿದವರು ಬಹಳ. ನನ್ನದು ಲೋಹದ ವಾಲ್ವ್, ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ತಿನ್ನಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ, ಐಎನ್‌ಆರ್, 2.5ರಿಂದ 3.5ರ ಒಳಗೆ ಇರಬೇಕು ಎಂದು ನನಗೆ ಹೇಳಿದ್ದಾರೆ. ಆ ಮಾತ್ರೆ ತಿನ್ನುವವರ ಬೆನ್ನನ್ನು ಬಲವಾಗಿ ಒತ್ತಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟಬಹುದು. ಮೆಡಿಕಲ್ ಶಾಪಿನಲ್ಲಿ ನೋವಿಗೆಂದು ಕೇಳಿದರೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ ನಮಗಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇದೆ. ಬೈಪಾಸ್ ಆದವರಿಗೂ ಅವು ಒಳ್ಳೆಯದಲ್ಲ. ಪ್ಯಾರಾಸಿಟಮಾಲ್ ಕೂಡ ದಿನಾ ತಿನ್ನುವುದಾದರೆ ಡಾಕ್ಟರರಿಗೆ ತಿಳಿಸಬೇಕು, ಐಎನ್‌ಆರ್ ಏರಬಹುದು. ಮುಲಾಮಿನ ಟ್ಯೂಬನ್ನೂ ತೋರಿಸಿ ಕೇಳಿಯೇ ಹಚ್ಚುತ್ತೇನೆ.

ಎಲ್ಲ ಬೆನ್ನು ನೋವೂ ದಿಂಬಿನಿಂದ ಹೋಗುವಂಥದ್ದಲ್ಲ, ಇದನ್ನು ಒತ್ತಿ ಹೇಳುತ್ತೇನೆ. ನಡೆದಾಗ ಬಂದು ನಿಂತಾಗ ಹೋಗುವ ನೋವು, ದವಡೆಗೆ ಅಥವಾ ಕೈಗೆ ಹಬ್ಬುವ ನೋವು, ಬೆವರು ಅಥವಾ ಏದುಸಿರು ಜೊತೆಗಿರುವ ನೋವು, ಇವುಗಳಲ್ಲಿ ಯಾವುದಾದರೂ ಹೃದಯದ್ದಿರಬಹುದು, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಮ್ಮಿದಾಗ ಎದೆಮೂಳೆ ಕಟಕ್ ಅಂದರೆ, ಗಾಯ ಒಸರಿದರೆ ಸರ್ಜನ್ನರಿಗೆ ತೋರಿಸಬೇಕು. ಕೃತಕ ವಾಲ್ವ್ ಇರುವವರಿಗೆ ಜ್ವರ ಬಂದರಂತೂ ಮನೆಮದ್ದು ಮಾಡುತ್ತ ಕೂರಬಾರದು. ನನ್ನ ನೋವು ಭಂಗಿ ಬದಲಿಸಿದರೆ ಬದಲಾಗುತ್ತಿತ್ತು, ಬೆರಳಿಟ್ಟು ತೋರಿಸಬಹುದಾಗಿತ್ತು. ಆದರೂ ಡಾಕ್ಟರರು ಪರೀಕ್ಷೆ ಮಾಡಿ ಇದು ಸ್ನಾಯುವಿನದ್ದು ಎಂದ ಮೇಲೆಯೇ ನಾನು ಅಂಗಡಿಗೆ ಹೋದದ್ದು.

ಈಗ ನೋವು ಪೂರ್ತಿ ಹೋಗಿದೆಯೇ ಎಂದರೆ ಇಲ್ಲ. ಮೋಡ ಕವಿದ ದಿನ, ಮದುವೆ ಸೀಸನ್ನಿನಲ್ಲಿ ಹೂ ಜಾಸ್ತಿ ಕಟ್ಟಿದ ದಿನ ಎಡ ಹೆಗಲ ಹಲಗೆಯ ಹತ್ತಿರ ಹಿಡಿಯುತ್ತದೆ. ಆದರೆ ನಿದ್ದೆ ಬರುತ್ತದೆ. ಬೆಳಿಗ್ಗೆ ಎದ್ದು ಗಿಡದ ಹತ್ತಿರ ನಿಂತು ಎರಡೂ ಕಡೆಗೆ ಕುತ್ತಿಗೆ ತಿರುಗಿಸಿ ನೋಡಬಲ್ಲೆ.

ಮಾಡಿಸುವವರಿಗೆ ಒಂದು ಮಾತು. ಭಾನುವಾರ ಅಂಗಡಿ ಇಲ್ಲ. ಮೇ ತಿಂಗಳಲ್ಲಿ ಹೋಗಬೇಡಿ, ಶಾಲೆ ಶುರುವಾಗುವ ಮೊದಲು ವ್ಯಾನಿನವರ ಸೀಟುಗಳೆಲ್ಲ ಅಲ್ಲಿ ರಾಶಿ ಬಿದ್ದಿರುತ್ತವೆ. ಆಪರೇಷನ್ ದಿನ ಗೊತ್ತಾಗಿದ್ದರೆ ಮೊದಲೇ ಹೋಗಿ ಕೂತು ಅಳತೆ ಕೊಟ್ಟುಬಿಡಿ, ಆಮೇಲೆ ಆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುವುದು ಕಷ್ಟ. ಎರಡು ತುಂಡು ಮಾಡಿ, ತಳಕ್ಕೆ ಮಾತ್ರ ರೆಕ್ಸಿನ್ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸೀಟಿನ ಹಾಗೆಯೇ ಸುತ್ತ ಹೊಲಿದುಬಿಡುತ್ತಾರೆ.