ರೋರಿ ಗ್ಯಾಲಹರ್ ಬ್ಯಾಂಡಿನ ‘ಚೆಕ್ ಶರ್ಟ್ ವಿಝರ್ಡ್ – ಲೈವ್ ಇನ್ ’77’: ವರ್ಷಗಟ್ಟಲೆ ಕೇಳಿದ ಮೇಲೆ ಬರೆದದ್ದು

ರೋರಿ ಗ್ಯಾಲಹರ್ ಹೆಸರನ್ನೇ ಕೇಳದವರಿಗೂ ಈ ಆಲ್ಬಮ್ ಕೊಡಬಹುದು. ಅವರ ಎಲ್ಲ ರೆಕಾರ್ಡ್ ಇಟ್ಟುಕೊಂಡವರಿಗೂ ಕೊಡಬಹುದು. ಬಿಡುಗಡೆಯಾದ ವರ್ಷದಿಂದ ಇದು ನನ್ನ ಹತ್ತಿರ ಇದೆ, ಇವತ್ತಿಗೂ ಪಕ್ಕಕ್ಕೆ ಇಡಲು ಮನಸ್ಸು ಬಂದಿಲ್ಲ. ಹೊಸದರಲ್ಲಿ ವಿಮರ್ಶೆ ಬರೆಯುವುದು ಸುಲಭ. ಹೊಸತನ ಹೋದ ಮೇಲೆ ಏನು ಉಳಿಯಿತು ಅನ್ನುವುದನ್ನು ಹೇಳೋಣ ಅಂತ ಈಗ ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಪರಿಚಯ. ರೋರಿ ಐರ್ಲೆಂಡಿನ ರಾಕ್ ಗಿಟಾರ್ ವಾದಕ, ಹಾಡುಗಾರ. 1948ರಲ್ಲಿ ಡೊನೆಗಾಲ್ ಕೌಂಟಿಯ ಬ್ಯಾಲಿಶಾನನ್ ಊರಿನಲ್ಲಿ ಹುಟ್ಟಿ ಡೆರ್ರಿ, ಕಾರ್ಕ್ ಊರುಗಳಲ್ಲಿ ಬೆಳೆದರು. ‘ಟೇಸ್ಟ್’ ಎಂಬ ಮೂವರ ಬ್ಯಾಂಡ್ ಕಟ್ಟಿ ಹೆಸರು ಮಾಡಿದರು. 1970ರಲ್ಲಿ ಅದು ಒಡೆದ ಮೇಲೆ ತಮ್ಮ ಹೆಸರಿನಲ್ಲೇ ಬ್ಯಾಂಡ್ ನಡೆಸಿದರು. ಚೆಕ್ಸ್ ಶರ್ಟ್, ಜೀನ್ಸ್ ಪ್ಯಾಂಟ್, ಬಣ್ಣ ಕಿತ್ತುಹೋದ ಹಳೇ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್. ವೇದಿಕೆ ಮೇಲೆ ಇಷ್ಟೇ ಅವರ ವೇಷ. 1995ರಲ್ಲಿ, 47ನೇ ವಯಸ್ಸಿಗೆ, ಲಿವರ್ ಕಸಿ ಆದ ಮೇಲೆ ಚೇತರಿಸಿಕೊಳ್ಳದೆ ತೀರಿಕೊಂಡರು.

ಈ ರೆಕಾರ್ಡಿಂಗ್ 1977ರ ಆರಂಭದ್ದು. ಹಿಂದಿನ ವರ್ಷ ಬಂದಿದ್ದ ‘ಕಾಲಿಂಗ್ ಕಾರ್ಡ್’ ಆಲ್ಬಮ್ ಹಿಡಿದುಕೊಂಡು ಬ್ಯಾಂಡ್ ಬ್ರಿಟನ್ ಸುತ್ತುತ್ತಿತ್ತು. ಲಂಡನ್, ಬ್ರೈಟನ್, ಶೆಫೀಲ್ಡ್, ನ್ಯೂಕಾಸಲ್, ಈ ನಾಲ್ಕು ಊರುಗಳ ಕಾರ್ಯಕ್ರಮಗಳಿಂದ ಆರಿಸಿದ 20 ಹಾಡು ಇಲ್ಲಿವೆ. ಟೇಪ್‌ಗಳು ಆಗ ಆಲ್ಬಮ್ ಆಗಲಿಲ್ಲ. ನಾಲ್ಕು ದಶಕ ಕಳೆದ ಮೇಲೆ, 2020ರ ಮಾರ್ಚ್ 6ರಂದು ಹೊರಬಂದವು. ಆಮೇಲೆ ಕೆಲವೇ ದಿನಗಳಲ್ಲಿ ಊರೂರಿನ ಸಭಾಂಗಣಗಳೆಲ್ಲ ಬಾಗಿಲು ಹಾಕಿದವು. ಜನ ಒಂದೆಡೆ ಸೇರುವುದೇ ನಿಂತುಹೋಗಿದ್ದ ಆ ತಿಂಗಳುಗಳಲ್ಲಿ, ತುಂಬಿದ ಹಾಲ್‌ನಲ್ಲಿ ಜನ ಕೂಗುವುದನ್ನು, ಚಪ್ಪಾಳೆ ತಟ್ಟುವುದನ್ನು ಕೇಳುವುದೇ ಒಂದು ಸಮಾಧಾನ ಆಗಿತ್ತು.

ಹಳೆಯ ಲೈವ್ ರೆಕಾರ್ಡಿಂಗ್ ಅಂದರೆ ನನಗೆ ಸಹಜವಾಗಿ ಸ್ವಲ್ಪ ಅನುಮಾನ. ಸಭೆಯಲ್ಲಿ ಕೂತು ಕದ್ದು ಮಾಡಿದ ರೆಕಾರ್ಡಿಂಗ್‌ಗಳನ್ನು ಸಾಕಷ್ಟು ಕೇಳಿದ್ದೇನೆ. ಅವುಗಳಲ್ಲಿ ಡ್ರಮ್ಸ್ ಎಲ್ಲೋ ದೂರದಲ್ಲಿ ಗುದ್ದಿದ ಹಾಗೆ ಇರುತ್ತದೆ, ಬೇಸ್ ಗಿಟಾರ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇದು ಆ ಜಾತಿಯದಲ್ಲ. ಆವತ್ತು ಮಲ್ಟಿಟ್ರ್ಯಾಕ್ ಟೇಪ್‌ನಲ್ಲಿ, ಅಂದರೆ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದಿಟ್ಟಿದ್ದರು. ಹಾಗಾಗಿ ಈಗ ಹೊಸದಾಗಿ ಮಿಕ್ಸ್ ಮಾಡಲು ಸಾಧ್ಯವಾಯಿತು. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ಸದ್ದನ್ನು ಹದ ಮಾಡುವ ಕೊನೆಯ ಕೆಲಸ, ನಡೆದದ್ದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ. ಕೆಲಸ ಮಾಡಿದವರು ಸಂಯಮದಿಂದ ಮಾಡಿದ್ದಾರೆ. ಸದ್ದನ್ನು ಈಗಿನ ಕಾಲದ್ದು ಅನ್ನಿಸುವಂತೆ ಉಜ್ಜಿ ಹೊಳಪು ಮಾಡಿಲ್ಲ. ಆಂಪ್ಲಿಫೈಯರ್‌ನ ಒರಟುತನ, ಹಾಲ್‌ನ ಮಾರ್ದನಿ ಎರಡೂ ಹಾಗೇ ಉಳಿದಿವೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮುಖಪುಟದಲ್ಲಿ ಇರುವುದು ಒಬ್ಬರ ಹೆಸರು. ಮೊದಮೊದಲು ಕೇಳುವಾಗ ಕಿವಿಯೂ ಗಿಟಾರ್ ಹಿಂದೆಯೇ ಓಡುತ್ತದೆ, ಅದು ಸಹಜ. ಆದರೆ ಇಷ್ಟು ವರ್ಷ ಜೊತೆಗಿದ್ದ ಮೇಲೆ ನಾನು ಇದನ್ನು ಹಾಕಿಕೊಳ್ಳುವುದು ಬ್ಯಾಂಡಿನ ನಾಲ್ವರಿಗಾಗಿ. ರೋರಿ ಜೊತೆಗೆ ಬೇಸ್‌ನಲ್ಲಿ ಜೆರಿ ಮೆಕಾವೊಯ್, ಡ್ರಮ್ಸ್‌ನಲ್ಲಿ ರಾಡ್ ಡಿಯಾತ್, ಕೀಬೋರ್ಡ್‌ನಲ್ಲಿ ಲೂ ಮಾರ್ಟಿನ್. 1972ರ ಹೊತ್ತಿಗೆ ಸೇರಿದ ಈ ತಂಡ ಆಮೇಲೆ ರಸ್ತೆ ಮೇಲೇ ಬದುಕಿತ್ತು ಅಂದರೂ ತಪ್ಪಿಲ್ಲ. ಒಬ್ಬರು ಉಸಿರು ತೆಗೆದುಕೊಂಡರೆ ಉಳಿದವರಿಗೆ ಗೊತ್ತಾಗುವಷ್ಟು ಸಲಿಗೆ ಬಂದಿತ್ತು. ಮುಂದಿನ ವರ್ಷ, 1978ರಲ್ಲಿ, ಡಿಯಾತ್ ಮತ್ತು ಮಾರ್ಟಿನ್ ಇಬ್ಬರೂ ಹೊರನಡೆದರು. ರೋರಿ ಮತ್ತೆ ಮೂವರ ಬ್ಯಾಂಡಿಗೆ ಮರಳಿದರು. ಹಾಗಾಗಿ ಈ ಆಲ್ಬಮ್‌ನಲ್ಲಿ ಇರುವುದು ಆ ನಾಲ್ವರು ಚೆನ್ನಾಗಿ ಮಾಗಿದ ಕಾಲ.

‘ಕಾಲಿಂಗ್ ಕಾರ್ಡ್’ ಹಾಡನ್ನೇ ತೆಗೆದುಕೊಳ್ಳಿ. ಜಾಝ್ ಕಡೆ ವಾಲುವ, ಅವಸರ ಇಲ್ಲದ ಹಾಡು. ಇಲ್ಲಿ ರೋರಿ ಎಷ್ಟು ನುಡಿಸುತ್ತಾರೆ ಅನ್ನುವುದಕ್ಕಿಂತ ಎಷ್ಟು ಬಿಡುತ್ತಾರೆ ಅನ್ನುವುದನ್ನು ಕೇಳಬೇಕು. ಅವರು ಬಿಟ್ಟ ಜಾಗಕ್ಕೆ ಲೂ ಮಾರ್ಟಿನ್ ಪಿಯಾನೋ ಬಂದು ಕೂರುತ್ತದೆ. ನಮ್ಮ ಕಚೇರಿಗಳಲ್ಲಿ ಒಳ್ಳೆ ಪಿಟೀಲಿನವರು ಹಾಡುಗಾರರ ಸಂಗತಿಯನ್ನು ಹಿಡಿದು, ತಮ್ಮದೊಂದು ಎಳೆ ಸೇರಿಸಿ ವಾಪಸ್ ಕೊಡುತ್ತಾರಲ್ಲ, ಮಾರ್ಟಿನ್ ಮಾಡುವುದು ಅದನ್ನೇ. ಎಡಗೈ ತಾಳ ಕಟ್ಟುತ್ತಿರುತ್ತದೆ, ಬಲಗೈ ಗಿಟಾರ್ ಮಾತಿಗೆ ಉತ್ತರ ಹೇಳುತ್ತಿರುತ್ತದೆ. ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್‌ನವರು ಇಷ್ಟು ಕಿವಿಗೊಟ್ಟು ನುಡಿಸುವುದು ಅಪರೂಪ.

ಡಿಯಾತ್ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕು. ತೂಕ ಹಾಕಿ ಬಾರಿಸುವ ಡ್ರಮ್ಮರ್ ಅಲ್ಲ ಅವರು. ಏಟು ಬೀಳಬೇಕು ಅಂತ ನೀವು ಕಾಯುವ ಜಾಗಕ್ಕಿಂತ ಒಂದು ಕೂದಲೆಳೆ ಮುಂಚೆಯೇ ಬಾರಿಸಿ ಹಾಡನ್ನು ಮುಂದಕ್ಕೆ ತಳ್ಳುತ್ತಾರೆ. ‘ಮೂನ್‌ಚೈಲ್ಡ್’ ಹಾಡಿನಲ್ಲಿ ಇದು ಚೆನ್ನಾಗಿ ಕೇಳುತ್ತದೆ. ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಒಂದೇ ಸಮನೆ ಓಡುತ್ತಿರುವಾಗ ಸ್ನೇರ್ ಡ್ರಮ್ ಅದರ ಜೊತೆ ಜಗಳಕ್ಕೆ ಇಳಿದಂತೆ ಇರುತ್ತದೆ, ಆದರೆ ತಾಳ ಎಲ್ಲೂ ಜಾರುವುದಿಲ್ಲ. ಯಾಕೆಂದರೆ ಕೆಳಗೆ ಮೆಕಾವೊಯ್ ಗಟ್ಟಿಯಾಗಿ ನಿಂತಿದ್ದಾರೆ. ಇದನ್ನು ಕೇಳಲು ಒಳ್ಳೆ ಹೆಡ್‌ಫೋನ್ ಬೇಕು. ಮೊಬೈಲ್ ಸ್ಪೀಕರ್‌ನಲ್ಲಿ ಮೆಕಾವೊಯ್ ಪೂರ್ತಿ ಮಾಯ ಆಗುತ್ತಾರೆ, ಆಗ ಇಡೀ ಬ್ಯಾಂಡೇ ತೆಳ್ಳಗೆ ಕೇಳುತ್ತದೆ.

ಇನ್ನು ಗಿಟಾರ್. ಆ ಸ್ಟ್ರಾಟೋಕಾಸ್ಟರ್ 1961ರದ್ದು. 1963ರಲ್ಲಿ, ರೋರಿ ಇನ್ನೂ ಹದಿನೈದರ ಹುಡುಗನಾಗಿದ್ದಾಗ, ಕಾರ್ಕ್‌ನ ಕ್ರೌಲೀಸ್ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ 100 ಪೌಂಡ್ ಕೊಟ್ಟು ತೆಗೆದುಕೊಂಡದ್ದು. ಅದೂ ಕಂತಿನಲ್ಲಿ. ಒಮ್ಮೆ ಕಳವಾಗಿ, ಮಳೆಯಲ್ಲಿ ನೆನೆದ ಸ್ಥಿತಿಯಲ್ಲಿ ಮತ್ತೆ ಸಿಕ್ಕಿತು. ಬೆವರಿಗೆ ಬಣ್ಣ ಎದ್ದು ಎದ್ದು ಬರೀ ಮರ ಕಾಣುವಂತಾಯಿತು. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅದೇ ಗಿಟಾರ್ 8,89,400 ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಕೊಟ್ಟರು ಅನ್ನುವುದು ನನಗೆ ನಿಜಕ್ಕೂ ಖುಷಿ ಕೊಟ್ಟ ಸುದ್ದಿ.

ಈ ಆಲ್ಬಮ್‌ನಲ್ಲಿ ಆ ಗಿಟಾರ್ ಏನೇನು ಮಾಡುತ್ತದೆ ಅಂತ ತಿಳಿಯಬೇಕಾದರೆ ‘ಎ ಮಿಲಿಯನ್ ಮೈಲ್ಸ್ ಅವೇ’ ಕೇಳಿ. ಹಾಡು ಒಂದೊಂದೇ ತಂತಿ ಬಿಡಿಸುತ್ತಾ ಮೆಲ್ಲಗೆ ಶುರುವಾಗುತ್ತದೆ. ಗದ್ದಲದ ನಡುವೆ ಒಬ್ಬಂಟಿಯಾಗಿ ಕೂತ ಮನುಷ್ಯನ ಹಾಡು. ನಡುವೆ ರೋರಿ ಕಿರುಬೆರಳಿನಿಂದ ಗಿಟಾರ್‌ನ ಸದ್ದು ಏರಿಸಿ ಇಳಿಸುವ ಗುಬುಟು ತಿರುಗಿಸುತ್ತಲೇ ತಂತಿ ಮೀಟುತ್ತಾರೆ. ಸ್ವರ ಏನೂ ಇಲ್ಲದ ಕಡೆಯಿಂದ ಹುಟ್ಟಿ, ಉಬ್ಬಿ, ಮತ್ತೆ ಇಳಿಯುತ್ತದೆ. ಕಾಲಿನ ಕೆಳಗೆ ಸದ್ದು ಬದಲಿಸುವ ಪೆಡಲ್‌ಗಳನ್ನು ಸಾಲು ಸಾಲಾಗಿ ಇಟ್ಟುಕೊಂಡು ಬೇರೆಯವರು ಮಾಡುವುದನ್ನು ಇವರು ಎರಡು ಕೈಯಲ್ಲೇ ಮಾಡುತ್ತಾರೆ. ಇನ್ನೊಂದು ಕೈಚಳಕ ಇದೆ. ಪಿಕ್‌ನಿಂದ ಮೀಟಿದ ತಕ್ಷಣ ಹೆಬ್ಬೆರಳ ಅಂಚು ತಂತಿಗೆ ತಾಗಿಸುತ್ತಾರೆ. ಸ್ವರ ಸಿಳ್ಳೆ ಹೊಡೆದಂತೆ ಮೇಲಕ್ಕೆ ಚಿಮ್ಮುತ್ತದೆ. ‘ವಾಕ್ ಆನ್ ಹಾಟ್ ಕೋಲ್ಸ್’ ಹಾಡಿನಲ್ಲಿ ಇಂಥ ಸಿಳ್ಳೆಗಳು ಬೇಕಾದಷ್ಟು. ‘ಸೂಪ್ಡ್-ಅಪ್ ಫೋರ್ಡ್’ ಹಾಡಿನಲ್ಲಿ ಬೆರಳಿಗೆ ಸ್ಲೈಡ್ ಎಂಬ ಪುಟ್ಟ ಕೊಳವೆ ಹಾಕಿಕೊಂಡು ತಂತಿ ಉದ್ದಕ್ಕೂ ಜಾರುತ್ತಾರೆ. ಅಷ್ಟು ವೇಗದಲ್ಲೂ ಶ್ರುತಿ ಕೆಡುವುದಿಲ್ಲ.

ಗಿಟಾರ್ ಬಗ್ಗೆ ಮಾತಾಡುವಾಗ ಅವರ ಕಂಠವನ್ನು ಎಲ್ಲರೂ ಮರೆಯುತ್ತಾರೆ. ಮರೆಯಬಾರದು. ಗಂಟಲು ಕೆರೆದು ಹಾಡಿದರೂ ಮಾತು ಸ್ಪಷ್ಟ, ಭಾವ ಪ್ರಾಮಾಣಿಕ. ‘ಎಡ್ಜ್ಡ್ ಇನ್ ಬ್ಲೂ’ ಹಾಡಿನಲ್ಲಿ ಆ ಕಂಠ ಎಷ್ಟು ಮೆತ್ತಗಾಗಬಲ್ಲದು ಅಂತ ಕೇಳಿ.

ಅಕೂಸ್ಟಿಕ್, ಅಂದರೆ ಎಲೆಕ್ಟ್ರಿಕ್ ಅಲ್ಲದ ವಾದ್ಯಗಳ, ಹಾಡುಗಳ ಭಾಗ ನನಗೆ ತುಂಬಾ ಇಷ್ಟ. ಇಲ್ಲಿ ವೇದಿಕೆ ಬಹುಮಟ್ಟಿಗೆ ರೋರಿಯದು. ‘ಔಟ್ ಆನ್ ದ ವೆಸ್ಟರ್ನ್ ಪ್ಲೇನ್’ ಅಮೆರಿಕದ ಲೆಡ್ ಬೆಲ್ಲಿ ಅವರ ಹಾಡು, ದನ ಕಾಯುವ ಕೌಬಾಯ್ ಬದುಕಿನದು. ರೋರಿ ಇದಕ್ಕೆ ಗಿಟಾರ್ ಶ್ರುತಿಯನ್ನೇ ಬದಲಿಸಿಕೊಳ್ಳುತ್ತಾರೆ, ಡಿ-ಎ-ಡಿ-ಜಿ-ಎ-ಡಿ ಅಂತ. ಬ್ರಿಟನ್, ಐರ್ಲೆಂಡಿನ ಜಾನಪದ ವಾದಕರು ಪ್ರೀತಿಯಿಂದ ಬಳಸುವ ಶ್ರುತಿ ಅದು. ಖಾಲಿ ತಂತಿಗಳು ತಂಬೂರಿಯಂತೆ ಗುಂಯ್‌ಗುಡುತ್ತವೆ. ಟೆಕ್ಸಸ್ಸಿನ ಹಾಡು ನೋಡನೋಡುತ್ತಾ ಐರಿಷ್ ಆಗಿಬಿಡುತ್ತದೆ. ‘ಪಿಸ್ಟಲ್ ಸ್ಲ್ಯಾಪರ್ ಬ್ಲೂಸ್’ ಬ್ಲೈಂಡ್ ಬಾಯ್ ಫುಲ್ಲರ್ ಅವರದು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ. ಹಳೇ ಬ್ಲೂಸ್ ಕಲಾವಿದರ ಹೆಸರನ್ನು ತಮ್ಮ ಕೇಳುಗರಿಗೆ ತಲುಪಿಸುವುದು ರೋರಿಗೆ ಕರ್ತವ್ಯದಂತೆ ಇತ್ತು. ನಾನು ಫುಲ್ಲರ್ ಅವರನ್ನು ಹುಡುಕಿಕೊಂಡು ಹೋಗಿದ್ದು ಇಲ್ಲಿಂದಲೇ. ಆಮೇಲೆ ‘ಗೋಯಿಂಗ್ ಟು ಮೈ ಹೋಮ್‌ಟೌನ್’. ಮ್ಯಾಂಡೊಲಿನ್, ನೆಲಕ್ಕೆ ಬೀಳುವ ಕಾಲಿನ ಹೆಜ್ಜೆ, ಜನರ ಚಪ್ಪಾಳೆ. ಅಷ್ಟು ದೊಡ್ಡ ಸಭೆಯನ್ನು ಇಷ್ಟು ಪುಟ್ಟ ವಾದ್ಯ ಹಿಡಿದಿಡುತ್ತದೆ. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇರೆಯೇ ಲೋಕ, ಆದರೆ ಪರಕೀಯ ಅನ್ನಿಸುವುದಿಲ್ಲ.

ಕೊರತೆಗಳೂ ಇವೆ. ನಾಲ್ಕು ಊರುಗಳಿಂದ ಆರಿಸಿ ಜೋಡಿಸಿದ್ದರಿಂದ ಒಂದು ಪೂರ್ತಿ ರಾತ್ರಿಯ ಏರಿಳಿತ ಸಿಗುವುದಿಲ್ಲ. ಒಂದು ಊರಿನ ಕಾರ್ಯಕ್ರಮವನ್ನು ಮೊದಲಿಂದ ಕೊನೆವರೆಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಗಿಟಾರ್ ಜೋರಾದಾಗ ಕೆಲವು ಕಡೆ ಕೀಬೋರ್ಡ್ ಹಿಂದೆ ಸರಿಯುತ್ತದೆ, ಮಾರ್ಟಿನ್ ಅಭಿಮಾನಿಯಾದ ನನಗೆ ಅದು ಬೇಸರ. ಉದ್ದದ ಸೋಲೋಗಳು ಎಲ್ಲರಿಗೂ ಹಿಡಿಸುವುದಿಲ್ಲ. ‘ಟೂ ಮಚ್ ಆಲ್ಕೋಹಾಲ್’ ಅನ್ನು ನಾನೇ ಆಗಾಗ ದಾಟಿಸಿ ಮುಂದೆ ಹೋಗುತ್ತೇನೆ.

1974ರ ‘ಐರಿಷ್ ಟೂರ್’ ಆಲ್ಬಮ್‌ಗೆ ಹೋಲಿಸಿ ಯಾವುದು ಮೇಲು ಅಂತ ಸ್ನೇಹಿತರು ಕೇಳುತ್ತಿರುತ್ತಾರೆ. ಅದೂ ಇದೇ ನಾಲ್ವರು ನುಡಿಸಿದ್ದು. ಹೆಚ್ಚು ಹೆಸರಾದದ್ದು ಅದೇ, ಅದರಲ್ಲಿರುವ ಬೆಂಕಿ ಇದರಲ್ಲಿ ಅಷ್ಟಿಲ್ಲ. ಆದರೆ 1977ಕ್ಕೆ ಬರುವ ಹೊತ್ತಿಗೆ ಹಾಡುಗಳ ಬಗೆ ಜಾಸ್ತಿಯಾಗಿದೆ. ಜಾಝ್, ಜಾನಪದ, ಗಟ್ಟಿ ರಾಕ್ ಮೂರೂ ಒಂದೇ ಸಂಜೆಯಲ್ಲಿ ಇವೆ, ಬ್ಯಾಂಡಿನ ಹಿಡಿತವೂ ಬಿಗಿಯಾಗಿದೆ. ಲಂಡನ್ನಿನಲ್ಲಿ ಆ ಚಳಿಗಾಲ ಎಲ್ಲ ಕಡೆ ಪಂಕ್ ರಾಕ್ ಮಾತೇ ಇತ್ತು, ಹಳೇ ರಾಕ್ ಬ್ಯಾಂಡುಗಳನ್ನು ಹೊಸಬರು ಆಡಿಕೊಳ್ಳುತ್ತಿದ್ದರು. ಈ ರೆಕಾರ್ಡಿಂಗ್ ಕೇಳಿದರೆ ರೋರಿ ಅದಕ್ಕೆ ತಲೆ ಕೆಡಿಸಿಕೊಂಡ ಗುರುತೇ ಇಲ್ಲ. ನನಗಂತೂ ಕೈ ಇದರ ಕಡೆಗೇ ಹೋಗುತ್ತದೆ.

ಕೊಳ್ಳುವವರಿಗೆ: ಇದು ಎರಡು ಸಿಡಿ ಅಥವಾ ಮೂರು ಎಲ್‌ಪಿ ರೂಪದಲ್ಲಿ ಬಂದಿದೆ, ಸ್ಟ್ರೀಮಿಂಗ್‌ನಲ್ಲೂ ಸಿಗುತ್ತದೆ. ಎಲ್‌ಪಿ ಚೆಂದ, ಆದರೆ ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಕೈ ಸುಡುತ್ತದೆ. ಜೊತೆಗೆ, ಬಿಸಿ ಏರುತ್ತಿರುವಾಗಲೇ ಎದ್ದು ರೆಕಾರ್ಡ್ ತಿರುಗಿಸಿ ಹಾಕಬೇಕು. ನನ್ನ ಮಟ್ಟಿಗೆ ಸಿಡಿಯೇ ಸರಿ. ಮೊದಲು ಸ್ಟ್ರೀಮಿಂಗ್‌ನಲ್ಲಿ ಮೂರು ಹಾಡು ಕೇಳಿ ನೋಡಿ: ‘ಮೂನ್‌ಚೈಲ್ಡ್’, ‘ಕಾಲಿಂಗ್ ಕಾರ್ಡ್’, ‘ಔಟ್ ಆನ್ ದ ವೆಸ್ಟರ್ನ್ ಪ್ಲೇನ್’. ಮೂರರಲ್ಲಿ ಒಂದು ಹಿಡಿಸಿದರೂ ಪೂರ್ತಿ ಆಲ್ಬಮ್ ಕೊಳ್ಳಬಹುದು. ಐದಕ್ಕೆ ನನ್ನಿಂದ ನಾಲ್ಕೂವರೆ. ಉಳಿದ ಅರ್ಧವನ್ನು ಶೆಫೀಲ್ಡ್ ಕಾರ್ಯಕ್ರಮವನ್ನೋ ನ್ಯೂಕಾಸಲ್ ಕಾರ್ಯಕ್ರಮವನ್ನೋ ಯಾವತ್ತಾದರೂ ಪೂರ್ತಿಯಾಗಿ ಬಿಡುಗಡೆ ಮಾಡಿದರೆ ಸಂತೋಷವಾಗಿ ಸೇರಿಸುತ್ತೇನೆ.