ಆರ್ಟ್ ಬ್ಲೇಕಿಯ ‘ಮೋನಿನ್’: ಕೋಲು ಹಿಡಿದವನೇ ಯಜಮಾನ

ಡ್ರಮ್ಮರ್ ಹೆಸರಲ್ಲಿ ಬಂದ ಆಲ್ಬಮ್, ಹಾಗಾಗಿ ಮೊದಲಿಂದ ಕೊನೆತನಕ ಡ್ರಮ್ಮಿನದೇ ಅಬ್ಬರ ಎಂದು ದೂರ ಇಡಬೇಡಿ. ಅಮೆರಿಕದ ಜಾಸ್ ಡ್ರಮ್ಮರ್ ಆರ್ಟ್ ಬ್ಲೇಕಿ ಮತ್ತು ಅವನ ಜಾಸ್ ಮೆಸೆಂಜರ್ಸ್ ತಂಡದ ‘ಮೋನಿನ್’ ಶುರುವಾಗುವುದೇ 9 ನಿಮಿಷ ಮೀರಿದ ಅದೇ ಹೆಸರಿನ ಹಾಡಿನಿಂದ. ಅದರಲ್ಲಿ ಬ್ಲೇಕಿ ಒಬ್ಬನೇ ನುಡಿಸುವ ಸೋಲೊ ಒಂದೂ ಇಲ್ಲ. ಆದರೂ ಯಜಮಾನ ಯಾರೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಕೊಡಗಿನ ನಾಪೋಕ್ಲು ಕಡೆಯವನು, ಹುತ್ತರಿ ಹಬ್ಬದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡುವವನು. ನಮ್ಮಲ್ಲಿ ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ತಿರುಗಿ ಹೇಳುತ್ತಾರೆ. ಅದಕ್ಕೇ ಈ ಹಾಡು ಬೇಗ ಒಳಗಿಳಿಯಿತು. ಬಾಬಿ ಟಿಮನ್ಸ್ ಪಿಯಾನೊದಲ್ಲಿ ಒಂದು ಸಾಲು ಎತ್ತುತ್ತಾನೆ, ಉಳಿದವರೆಲ್ಲ ಸೇರಿ ಎರಡೇ ಹೊಡೆತದಲ್ಲಿ ಉತ್ತರ ಕೊಡುತ್ತಾರೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಪಾದ್ರಿಯ ಮಾತಿಗೆ ಸಭೆ ‘ಆಮೆನ್’ ಅನ್ನುವ ಕ್ರಮ ಅದು. ಆಮೇಲೆ ಲೀ ಮಾರ್ಗನ್ನನ ಟ್ರಂಪೆಟ್. ಆಗ ಅವನಿಗೆ ಬರೀ 20 ವರ್ಷ! ಅವನು ಬಿಟ್ಟ ಕೊನೆಯ ತುಣುಕನ್ನೇ ಹಿಡಿದುಕೊಂಡು ಬೆನ್ನಿ ಗೋಲ್ಸನ್ ಸ್ಯಾಕ್ಸೊಫೋನ್ ಶುರುಮಾಡುತ್ತಾನೆ. ಇವರೆಲ್ಲರ ಬೆನ್ನಿಗೆ ಬ್ಲೇಕಿ. ಕಾಲಲ್ಲಿ ತುಳಿದು ಬಡಿಸುವ ಜೋಡಿ ತಟ್ಟೆ, ಹೈ-ಹ್ಯಾಟ್, ನಾಲ್ಕು ಏಟಿನ ಸುತ್ತಿನಲ್ಲಿ 2 ಮತ್ತು 4ನೇ ಏಟಿಗೆ ಗಟ್ಟಿಯಾಗಿ ಬೀಳುತ್ತದೆ, ಚುರುಕು ದನಿಯ ಸ್ನೇರ್ ಡ್ರಮ್ಮಿನ ಮೇಲೆ ಕೋಲು ಒತ್ತಿ ಉರುಳಿಸಿದನೆಂದರೆ ಮುಂದಿನವನು ಎದ್ದು ನಿಲ್ಲಲೇಬೇಕು.

1958ರ ಅಕ್ಟೋಬರ್ 30ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಧ್ವನಿಮುದ್ರಣದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಇದನ್ನು ಧ್ವನಿಮುದ್ರಿಸಿದ್ದು ತನ್ನ ತಂದೆತಾಯಿಯ ಮನೆಯ ಹಜಾರದಲ್ಲಿ. ಡ್ರಮ್ಮಿನ ಲೋಹದ ತಟ್ಟೆ, ಅಂದರೆ ಸಿಂಬಲ್, ನಿಮ್ಮ ಕೋಣೆಯಲ್ಲೇ ಇದ್ದ ಹಾಗೆ ಕೇಳುತ್ತದೆ. ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಹಾಕಬೇಡಿ, ಜಿಮಿ ಮೆರಿಟ್‌ನ ತಗ್ಗು ಸ್ವರದ ತಂತಿವಾದ್ಯ ಬಾಸ್ ಪೂರಾ ಕಳೆದುಹೋಗುತ್ತದೆ.

ಆರು ಹಾಡುಗಳಲ್ಲಿ ನಾಲ್ಕು ಗೋಲ್ಸನ್ನನವು. ‘ಡ್ರಮ್ ಥಂಡರ್ ಸ್ವೀಟ್’ ಬ್ಲೇಕಿಗೆಂದೇ ಬರೆದದ್ದು, ಮೂರು ಭಾಗ. ಮೆತ್ತನೆಯ ತುದಿಯ ಕೋಲಿನಲ್ಲಿ ಅವನು ಡ್ರಮ್ ಮುಟ್ಟುವಾಗ ಕಾಫಿಯ ಹೂಮಳೆಗೆ ಮುಂಚೆ ಬೆಟ್ಟದಾಚೆ ಗುಡುಗಿದ ಹಾಗಾಗುತ್ತದೆ. ‘ಬ್ಲೂಸ್ ಮಾರ್ಚ್’ ಮೆರವಣಿಗೆಯ ನಡೆ. ವಾಲಗಕ್ಕೆ ಕುಣಿದು ಬೆಳೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ‘ಕಮ್ ರೇನ್ ಆರ್ ಕಮ್ ಶೈನ್’ ಮಾತ್ರ ನನಗೆ ಸಪ್ಪೆ. ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ಉಳಿದ ಐದರ ಪಕ್ಕ ಸಾಧಾರಣ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ‘ಅಲಾಂಗ್ ಕೇಮ್ ಬೆಟ್ಟಿ’. ಅಷ್ಟು ಬಲವಿರುವ ಕೈ ಇಲ್ಲಿ ಸುಮ್ಮನೆ ನಡೆಯುತ್ತದೆ, ರಾಗಕ್ಕೆ ದಾರಿ ಬಿಡುತ್ತದೆ. ಹೊಸದಾಗಿ ದುಡಿ ಹಿಡಿದ ಹುಡುಗರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ಜೋರಾಗಿ ಬಡಿಯಲು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಹಾಡುವವನ ಉಸಿರಿಗೆ ಜಾಗ ಬಿಡುವುದೇ ಕಷ್ಟ.

ಸಿ.ಡಿ. ಕೊಳ್ಳುವುದಾದರೆ ಮೊದಲ ಹಾಡಿನ ಇನ್ನೊಂದು ಟೇಕ್, ಅಂದರೆ ಅದನ್ನೇ ಬೇರೆ ಸಲ ನುಡಿಸಿದ ಮುದ್ರಣ, ಸೇರಿಸಿರುವ ಮರುಮುದ್ರಣ ಹುಡುಕಿ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಟ್ರಂಪೆಟ್ ಬಿಟ್ಟು ಬ್ಲೇಕಿಯ ಕೈಯನ್ನಷ್ಟೇ ಹಿಂಬಾಲಿಸಿ.