ಲಸಿಕೆಯ ನಂತರ ಎಎಂಎಚ್ ಪರೀಕ್ಷೆ: ಮಾಡಿಸಬೇಕೇ, ಯಾವಾಗ?

ಕೋವಿಡ್ ಲಸಿಕೆ ಹಾಕಿಸಿಕೊಂಡ ತಿಂಗಳು ಮುಟ್ಟು ತಡವಾದರೆ ಅನೇಕರು ಲಸಿಕೆಯಿಂದ ಅಂಡಾಣುಗಳೇ ಕರಗಿದವೇನೋ ಎಂದು ಗಾಬರಿಯಾಗಿ ಎಎಂಎಚ್ (ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನ್) ರಕ್ತಪರೀಕ್ಷೆ ಮಾಡಿಸುತ್ತಾರೆ. ಪರೀಕ್ಷೆ ಚೆನ್ನಾಗಿಯೇ ಇದೆ, ಆದರೆ ಈ ಗಾಬರಿಗೆ ಅದರಲ್ಲಿ ಉತ್ತರವಿಲ್ಲ.

ಅಂಡಾಶಯದಲ್ಲಿ ಬೆಳೆಯುತ್ತಿರುವ ಪುಟ್ಟ ಕೋಶಕಗಳು (ಅಂಡಾಣುವನ್ನು ಹೊತ್ತ ಚೀಲಗಳು), ಅಂದರೆ ಸುಮಾರು 8 ಮಿ.ಮೀ. ವರೆಗಿನವು, ಈ ಹಾರ್ಮೋನನ್ನು ಸ್ರವಿಸುತ್ತವೆ. ಅದರಿಂದ ಸಿಗುವುದು ಅಂಡಾಣು ಸಂಗ್ರಹದ ಒಂದು ಅಂದಾಜು. ಮುಟ್ಟು ತಡವಾಗುವುದು ಸಾಮಾನ್ಯವಾಗಿ ಆ ತಿಂಗಳ ಅಂಡೋತ್ಪತ್ತಿ ಮುಂದಕ್ಕೆ ಹೋಗುವುದರಿಂದ. ಸಂಗ್ರಹ ಕರಗಿದ್ದರಿಂದಲ್ಲ. ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಲಸಿಕೆ ಪಡೆದವರಲ್ಲೇ ಈ ವ್ಯತ್ಯಾಸ ಕಂಡಿದ್ದು, ಅಂಡೋತ್ಪತ್ತಿಯ ನಂತರ ಪಡೆದವರಲ್ಲಿ ಕಂಡಿಲ್ಲ.

ಹಾಗೆಂದು ಲಸಿಕೆಯ ನಂತರ ಮುಟ್ಟು ಏರುಪೇರಾಯಿತೆಂದು ಹೆಂಗಸರು ಹೇಳಿದ್ದೆಲ್ಲ ಭ್ರಮೆ ಎಂದು ತಳ್ಳಿಹಾಕಿದವರು ಮಾಡಿದ್ದು ತಪ್ಪು. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 3,959 ಜನರ ಚಕ್ರಗಳನ್ನು ಆ್ಯಪ್ ದಾಖಲೆಯಿಂದ ಹೋಲಿಸಿದಾಗ, ಪ್ರತಿ ಡೋಸ್‌ಗೆ ಚಕ್ರದ ಉದ್ದದಲ್ಲಿ ಸರಾಸರಿ ಒಂದು ದಿನಕ್ಕಿಂತ ಕಡಿಮೆ ಏರಿಕೆ ಕಂಡಿತು. ಒಂದೇ ಚಕ್ರದಲ್ಲಿ ಎರಡೂ ಡೋಸ್ ಬಿದ್ದವರಲ್ಲಿ ಅದು ಎರಡು ದಿನದಷ್ಟಿತ್ತು. ಸ್ರಾವದ ದಿನಗಳು ಮಾತ್ರ ಬದಲಾಗಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಯುರೋಪಿನ ಔಷಧ ಸಂಸ್ಥೆ ಫೈಝರ್ ಮತ್ತು ಮಾಡೆರ್ನಾ ಲಸಿಕೆಗಳ ಅಡ್ಡಪರಿಣಾಮಗಳ ಪಟ್ಟಿಗೆ ಅತಿಸ್ರಾವವನ್ನು ಸೇರಿಸಲು ಶಿಫಾರಸು ಮಾಡಿತು. ಇವೆರಡೂ ತಾತ್ಕಾಲಿಕ ಬದಲಾವಣೆಯ ಮಾತು.

ಸಂಗ್ರಹದ ವಿಷಯಕ್ಕೆ ಬಂದರೆ, ಇಸ್ರೇಲಿನಲ್ಲಿ 129 ಮಹಿಳೆಯರಿಗೆ ಫೈಝರ್ ಲಸಿಕೆಗೆ ಮೊದಲು ಮತ್ತು ಮೂರು ತಿಂಗಳ ನಂತರ ಎಎಂಎಚ್ ಅಳೆದರು. ಎರಡೂ ಸಲ ಸರಾಸರಿ 5.3 ನ್ಯಾನೋಗ್ರಾಂ/ಮಿ.ಲೀ. ಬಂತು.

ಇಷ್ಟರ ಮೇಲೂ ಮಾಡಿಸುವುದಾದರೆ, ಲಸಿಕೆಯಾದ ವಾರದಲ್ಲೇ ಹೋಗಬೇಡಿ. ಕೋಶಕ ಬೆಳೆದು ಬಲಿಯಲು ತಿಂಗಳುಗಳು ಬೇಕು, ಕನಿಷ್ಠ ಮೂರು ತಿಂಗಳು ಕಾಯಿರಿ. ಉಪವಾಸ ಬೇಡ, ಚಕ್ರದ ಯಾವ ದಿನವಾದರೂ ನಡೆಯುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಸಂಖ್ಯೆ ಕಡಿಮೆ ಬರುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುವವರು ಲ್ಯಾಬಿಗೆ ಮೊದಲೇ ತಿಳಿಸಲಿ, ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನು ಸುಳ್ಳುಸುಳ್ಳೇ ತಗ್ಗಿಸುತ್ತದೆ. ಪಿಸಿಓಎಸ್ (ಅಂಡಾಶಯದಲ್ಲಿ ಪುಟ್ಟ ಕೋಶಕಗಳು ಹೆಚ್ಚಾಗಿರುವ ಹಾರ್ಮೋನ್ ತೊಂದರೆ) ಇದ್ದರೆ ಸಂಖ್ಯೆ ಹೆಚ್ಚಿರುವುದು ಸಹಜ.

ಹೆಚ್ಚು ಜನ ಮೋಸಹೋಗುವುದು ಹೋಲಿಕೆಯಲ್ಲಿ. ಒಂದು ಲ್ಯಾಬಿನ ರಿಪೋರ್ಟ್ ನ್ಯಾನೋಗ್ರಾಂನಲ್ಲಿ, ಇನ್ನೊಂದರದು ಪಿಕೋಮೋಲ್‌ನಲ್ಲಿ ಇರುತ್ತದೆ. 1 ನ್ಯಾನೋಗ್ರಾಂ/ಮಿ.ಲೀ. ಅಂದರೆ ಸುಮಾರು 7.14 ಪಿಕೋಮೋಲ್/ಲೀಟರ್. ಅಳತೆಯ ಮಾನ ಒಂದೇ ಆದರೂ ಪರೀಕ್ಷೆಯ ಕಿಟ್ ಬೇರೆಯಾದರೆ ಸಂಖ್ಯೆ ಹೊಂದುವುದಿಲ್ಲ. ಎರಡನೇ ಸಲವೂ ಅದೇ ಲ್ಯಾಬು, ಅದೇ ಕಿಟ್ ಇರಲಿ. 15 ದಿನದ ಅಂತರದಲ್ಲಿ ಬೇರೆ ಬೇರೆ ಕಡೆ ಮಾಡಿಸಿ ‘ಇಳಿದಿದೆ’ ಎಂದು ಅಳುವುದಕ್ಕೆ ಅರ್ಥವಿಲ್ಲ.

ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಔಷಧಿಯ ಪ್ರಮಾಣ ನಿರ್ಧರಿಸಲು ಎಎಂಎಚ್ ಬಹಳ ಉಪಯುಕ್ತ, ಅಲ್ಲಿ ಕೊಟ್ಟ ಹಣ ಸಾರ್ಥಕ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಲಸಿಕೆಯ ಭಯಕ್ಕೆಂದು ಮಾಡಿಸುವುದಾದರೆ ನಮ್ಮ ಸಲಹೆ ಬೇಡ ಎಂದೇ.

ಅದರ ಬದಲು ಮುಟ್ಟು ಶುರುವಾದ ದಿನ, ಲಸಿಕೆಯ ದಿನ, ಬಳಸಿದ ಪ್ಯಾಡುಗಳ ಸಂಖ್ಯೆ ಬರೆದಿಡಿ. ಮುಟ್ಟು ತಪ್ಪಿದ್ದರೆ ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಿ. ಮೂರು ತಿಂಗಳಾದರೂ ಬರದಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ಯುವುದು ಎರಡು ಗಂಟೆ ದಾಟಿದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ಲಸಿಕೆಯ ಮೇಲೆ ಹಾಕಿ ಸುಮ್ಮನಿರದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.